ವಾಡಿ ಜಂಕ್ಷನ್, ರಾತ್ರಿಪಾಳಿ

ಮೂರನೇ ಪ್ಲಾಟ್‌ಫಾರ್ಮಿನ ಬೆಂಚಿನ ಕೆಳಗ ಸಿಕ್ಕ ಪುಸ್ತಕ.
ರಿಜಿಸ್ಟರಿನಾಗ ಬರದರು: 'ಯಾವುದೋ ಭಾಷಾ, ಒಂದು ನಗ.'
ಮಳಿಗಾಲ ಮುಗಿದು ತೊಗರಿ ಹೂ ಬಿಡೋತನ ಕಾಯ್ದರು,
ಯಾರೂ ಬರಲಿಲ್ಲ.
'ತೊಗೊಂಡು ಹೋಗು ಭಾಗಮ್ಮ, ಒಲಿಗರೆ ಆಗ್ತದ'
ಅಂದ ಪಾರ್ಸಲ್ ಬಾಬು.

ಒಲಿಗೆ ಹಾಕಲಿಲ್ಲ.
ಸ್ಪ್ಯಾನಿಷ್ ಅಂತ ಅದು. ಉಚ್ಚಾರ ಫೋನು ಹೇಳಿಕೊಡ್ತದ,
ಎರಡು ಗೂಡ್ಸಿನ ನಡುವ ನಾ ಓದ್ತೀನಿ.

ಹೊಸದೇನಲ್ಲ, ನಮ್ಮ ಕೆಲಸಾನೇ.
ಯೆಗಾರ್: ಊರು ಮುಟ್ಟೋದು.
ಕಡೀಕಿನ ಡಬ್ಬಿ 'ಆರ್', ಅದರ ಕೊಂಡಿ ಬಿಚ್ಚು,
ದೀಪ ಆಡಿಸು, ಹಿಂದಕ್ಕ ಸರೀತದ.
ಯೇಗ್ ನಿಂತೇ ಇರ್ತದ ಹಳಿ ಮ್ಯಾಲ.
'ಒ' ಜೋಡಿಸು: ಯೇಗೊ, ಮುಟ್ತೀನಿ.
'ಆಸ್' ಜೋಡಿಸು: ಯೇಗಾಸ್, ಮುಟ್ತಿ.
ನಾನು, ನೀನು ಅಂತ ಬ್ಯಾರೆ ಹೇಳೋದು ಬ್ಯಾಡ,
ಹಿಂದಿನ ಡಬ್ಬಿ ನೋಡಿದರ ಸಾಕು.
ನಮ್ಮವ್ವನೂ 'ಬರ್ತೀನಿ' ಅಂತಿದ್ದಳು,
'ನಾನು' ಅಂದದ್ದು ಕೇಳೇ ಇಲ್ಲ.

ಆದರ ಒಂದು ಕಡೆ ಹಳಿ ಕೂಡಲಿಲ್ಲ.
ತ್ರಬಾಹಾ: ದುಡೀತಾನ.
ತ್ರಬಾಹಾ: ದುಡೀತಾಳ.
ದೊಡ್ಡವರಿಗೂ ಅದೇ ತ್ರಬಾಹಾ, ತಾವು ದುಡೀತೀರಿ.
ಮೂರು ಮಂದಿಗೆ ಒಂದೇ ಬಾಲ!
ಇಲ್ಲಿ ವಾಕಿಟಾಕಿಯೊಳಗ ಹೊಸ ಡ್ರೈವರು
'ಪಾಯಿಂಟ್ಸ್‌ಮನ್ ಎಲ್ಲಿದ್ದಾನ?' ಅಂತಾನ,
ಮಾಸ್ತರು ನಕ್ಕು 'ಬರ್ಲತ್ತಾಳ' ಅಂತಾರ,
ಆಮ್ಯಾಲ ಒಂದು ಗಳಿಗಿ ಬರೀ ಗರಗರ.
ಆ ಗಳಿಗಿಯೊಳಗ ಕಲ್ಲುಕಡಿ ತುಳ್ಕೋತ
ತ್ರಬಾಹಾ, ತ್ರಬಾಹಾ ಅಂತ ನಡೀತೀನಿ.
ನಾನು ಅಂದರ ನಮ್ಮಲ್ಲೂ ಗಂಡಿಲ್ಲ, ಹೆಣ್ಣಿಲ್ಲ.
ಇಷ್ಟು ವರ್ಷ ಆಡಿದ ಮಾತು,
ಈ ಪುಸ್ತಕ ಸಿಗೋತನ ಗೊತ್ತೇ ಆಗಿದ್ದಿಲ್ಲ.

ಕಳಕೊಂಡವರು ಪೆನ್ಸಿಲಿನಾಗ ಅಭ್ಯಾಸ ಬರದಾರ.
'ಆರ್' ಸಾಲು ಪೂರಾ ತುಂಬ್ಯಾರ.
'ಎರ್' ಸಾಲಿನಾಗ ಕೋಮೊ, ಕೋಮೆಸ್, ಕೋಮೆ,
ಉಣ್ತೀನಿ, ಉಣ್ತಿ, ಉಣ್ತಾನ ಉಣ್ತಾಳ,
ಅಲ್ಲಿಗೆ ನಿಂತದ. ಗಾಡಿ ಬಂತೇನೋ.
ಅಲ್ಲೇ ಒಂದು ಎಣ್ಣೀ ಕಲೆ, ಮಿರ್ಚಿಯದು.

ನಿನ್ನಿ ಸಿಮೆಂಟ್ ರೇಕು ಎರಡು ತಾಸು ತಡ.
ನೀಲಿ ಬಾಲ್‌ಪೆನ್ನಿನಾಗ ಅದರ ಕೆಳಗ ಬರದೆ:
ಕೊಮೇಮೋಸ್. ಉಣ್ತೀವಿ.
ಯಾರ್ಯಾರು, ಕೇಳಬ್ಯಾಡ್ರಿ.

'ಇರ್' ಸಾಲಿಗೆ ಬರೋದ್ರಾಗ ಸಿಗ್ನಲ್ ಬಿತ್ತು.
ಬಿಬೀಮೋಸ್ ಅಂದರ ಇದ್ದೀವಿ,
ಬಿಬೀಮೋಸ್ ಅಂದರ ಇದ್ದೆವು,
ಎರಡಕ್ಕೂ ಒಂದೇ ಅಂತ, ಪುಟದ ಅಡೀಗೆ ಸಣ್ಣಕ್ಷರದಾಗ.
ಪೆನ್ನು ನಡುವ ಇಟ್ಟು
ಕೈದೀಪ ಹಿಡ್ಕೊಂಡು ಹೊಂಟೆ.