ಎಷ್ಟನೇ ರಿಂಗಿಗೆ

ಪರದೆಯ ಬಣ್ಣ ನೋಡಬೇಡ, ಅಂದಳು ದೆಯೊಲಿಂದಾ ಅತ್ತೆ,
ನೆಲ ಎಷ್ಟು ಮಿನುಗುತ್ತದೆ ಅಂತಲೂ ನೋಡಬೇಡ.
ನೀನು ಬರುತ್ತೀ ಅಂತ ಗೊತ್ತಿದ್ದರೆ
ಯಾರು ಬೇಕಾದರೂ ಒರೆಸಿಡುತ್ತಾರೆ.
ರಾತ್ರಿ ಮೂರಕ್ಕೆ ಫೋನು ಮಾಡು.
ಎಷ್ಟನೇ ರಿಂಗಿಗೆ ಎತ್ತುತ್ತಾರೆ, ಎಣಿಸು.

ಇಪ್ಪತ್ತಾರು ವರ್ಷ ಪೋರ್ಟೊದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಕಿವಿಗೆ ಕಬ್ಬಿಣ ಕಟ್ಟಿಕೊಂಡು ಕೂತವಳು.
ಫ್ರಾನ್ಸಿನಲ್ಲಿ ಗಾರೆ ಕಲಸುತ್ತಿದ್ದ ಗಂಡಂದಿರನ್ನು
ಇಲ್ಲಿ ಅಂಚೆ ಕಚೇರಿಯ ಗೂಡಿನೊಳಗೆ ನಿಂತ ಹೆಂಡತಿಯರಿಗೆ
ವೈರಿನ ತುದಿ ಸಿಕ್ಕಿಸಿ ಕೊಡುತ್ತಿದ್ದಳು.
ಮೂರು ನಿಮಿಷಕ್ಕೆ ಕತ್ತರಿಸಬೇಕು, ನಿಯಮ.
ಎರಡು ನಿಮಿಷ ಅಳುವುದರಲ್ಲೇ ಹೋಯಿತು, ಅದನ್ನೂ
ಲೆಕ್ಕಕ್ಕೆ ಹಿಡಿಯುವುದು ಹೇಗೆ, ಅನ್ನುತ್ತಾಳೆ ಈಗಲೂ,
ನನ್ನನ್ನೇ ಮೇಲಧಿಕಾರಿ ಅಂದುಕೊಂಡು.

ಈಗ ಕಣ್ಣಿನ ನಡುವೆ ಒಂದು ಕಪ್ಪು ನಾಣ್ಯ.
ಅಂಚಿನಲ್ಲಷ್ಟೇ ಕಾಣುತ್ತದೆ, ಹಾಗಾಗಿ
ನನ್ನ ಜೊತೆ ಮಾತಾಡುವಾಗ ಬಾಗಿಲು ನೋಡುತ್ತಾಳೆ.
ಫೆಬ್ರವರಿಯಲ್ಲಿ ಎರಡು ಸಲ ಬಿದ್ದಳು.
ಎರಡನೇ ಸಲ ಅಡುಗೆಮನೆಯ ನೆಲದ ಮೇಲೆ ಹನ್ನೊಂದು ಗಂಟೆ,
ಮೇಜಿನ ಮೇಲಿನ ಫೋನು ಕೈಗೆ ಎಟುಕದೆ.

ಆದರೂ ಹೋಗಿ ನೋಡಿದೆ. ನೋಡದೆ ಇರಲಾದೀತೆ?
ನದಿ ಸಮುದ್ರ ಸೇರುವಲ್ಲಿ ಒಂದು, ಗಾಜಿನ ಗೋಡೆ, ಗೋಡೆ ತುಂಬ ಕಡಲು.
ಮ್ಯಾನೇಜರಮ್ಮ ನನ್ನ ಬೂಟು ನೋಡಿ ಮಣೆ ಹಾಕಿದಳು,
ಅಂದರೆ, ಚಿಕ್ಕ ಮಣೆ.
ಸನ್ಯಾಸಿನಿಯರದು ಇನ್ನೊಂದು, ಹದಿನಾಲ್ಕು ಮೆಟ್ಟಿಲು ಹತ್ತಿ.
ಎಲೆಕೋಸಿನ ಸಾರು ಕುದಿಯುವ ವಾಸನೆ, ನನಗೇ ಹಸಿವಾಯಿತು.
ಎಲ್ಲರೂ ಒಂದೇ ದಿಕ್ಕಿಗೆ ತಿರುಗಿ ಕೂತಿದ್ದರು,
ಟಿವಿ ಬೇರೆ ದಿಕ್ಕಿನಲ್ಲಿತ್ತು.
ಮೂರನೆಯದು ಟೈರು ಅಂಗಡಿಯ ಮೇಲೆ. ಕಿಟಕಿ ತೆರೆದರೆ
ನೀಲಿ ಬಿಲ್ಲೆಗಳು ಉದುರಿಹೋದ ಪಕ್ಕದ ಮನೆಯ ಗೋಡೆ.
ಪಟ್ಟಿಯಿಂದ ಅದನ್ನು ಹೊಡೆದುಹಾಕಿದೆ.

ಬುಧವಾರ ರಾತ್ರಿ ಅಲಾರಂ ಇಟ್ಟು ಎದ್ದೆ,
ಕಳ್ಳನ ಹಾಗೆ. ಹೆಂಡತಿ ಮಗ್ಗುಲು ಬದಲಿಸಿದಳು.

ಕಡಲಿನ ಮನೆ: ಮೊದಲ ರಿಂಗಿಗೇ ಎತ್ತಿತು.
ಎತ್ತಿದ್ದು ಯಂತ್ರ. ದರಪಟ್ಟಿಗೆ ಒಂದನ್ನು ಒತ್ತಿ.
ಒತ್ತಿದೆ, ಸುಳ್ಳೇಕೆ. ಸಂಗೀತ ಬಂತು.
ಸನ್ಯಾಸಿನಿಯರು: ಇಪ್ಪತ್ತೇಳು,
ಆಮೇಲೆ ತಾನೇ ಕಟ್ಟಾಯಿತು. ಪ್ರಾರ್ಥನೆಯಲ್ಲಿದ್ದರೋ,
ದಣಿದಿದ್ದರೋ, ತೀರ್ಪು ಕೊಡುವವನು ನಾನಲ್ಲ.

ಹೊಡೆದುಹಾಕಿದ್ದ ನಂಬರಿಗೆ ಯಾಕೆ ಮಾಡಿದೆನೋ.
ಹೇಗೂ ಎದ್ದಾಗಿತ್ತು, ಅಷ್ಟೆ.
ನಾಲ್ಕನೇ ರಿಂಗು. ಏದುಸಿರು. ಕೇಪ್ ವರ್ಡಿನ ದ್ವೀಪಗಳ ಉಚ್ಚಾರ.
"ಹೇಳಿ ಹೇಳಿ, ಒಂದೇ ಕೈ ಇರುವುದು ನನಗೀಗ,
ಇನ್ನೊಂದನ್ನು ವೆನಾನ್ಸಿಯೊ ತಾತ ಹಿಡಿದುಕೊಂಡಿದ್ದಾರೆ, ಬಿಡುತ್ತಿಲ್ಲ."
ನನ್ನ ಬಳಿ ಪ್ರಶ್ನೆಯೇ ಇರಲಿಲ್ಲ.
ಏನು ಮಾಡುತ್ತಿದ್ದೀರಿ, ಅಂದೆ, ಪೆದ್ದನ ಹಾಗೆ.
"ಚಪ್ಪಲಿ ಹುಡುಕುತ್ತಿದ್ದೇವೆ. ಎಡಗಾಲಿನದು.
ಅದು ಸಿಗದೆ ಇವರು ಮಲಗುವುದಿಲ್ಲವಂತೆ.
ನಿಮ್ಮವರು ಯಾರಾದರೂ ಇದ್ದಾರೆಯೆ ಇಲ್ಲಿ?"
ಇಲ್ಲ, ಅಂದೆ. ಇನ್ನೂ ಇಲ್ಲ.

ಬೆಳಗ್ಗೆ ಅತ್ತೆ ಕೇಳಿದ್ದು ಒಂದೇ: ಎಷ್ಟು?
ನಾಲ್ಕು, ಅಂದೆ.
ಬಾಗಿಲಿನ ಕಡೆ ನೋಡುತ್ತಾ, ನಾನಾದರೆ ಎರಡಕ್ಕೆ, ಅಂದಳು.
ಆಮೇಲೆ, ಕಾಫಿ ತಣ್ಣಗಾದ ಮೇಲೆ:
ಅದೂ ಎರಡೂ ಕೈ ಖಾಲಿ ಇದ್ದಾಗ.

ಟೈರು ಬಿಚ್ಚುವ ಸದ್ದು ಬೆಳಗ್ಗೆ ಎಂಟಕ್ಕೇ ಶುರು.
ಅವಳ ಪಿಂಚಣಿಗೆ ನನ್ನ ಕಾರು ಮಾರಿದ್ದನ್ನು ಸೇರಿಸಿದರೆ
ಎರಡು ವರ್ಷ ನಡೆದೀತು. ಆಮೇಲೆ?
ಅದಿರಲಿ.

ಮೊದಲ ರಾತ್ರಿ. ಮೂರಕ್ಕೆ ತಾನಾಗಿ ಎಚ್ಚರ.
ಬರಿಗಾಲಲ್ಲಿ ಅಡುಗೆಮನೆಯಲ್ಲಿ ನಿಂತು ನಂಬರು ಒತ್ತಿದೆ,
ಕೊನೆಯ ಅಂಕೆಯೊಂದನ್ನು ಬಿಟ್ಟು.
ಇದನ್ನೂ ಒತ್ತಿದರೆ ಅಲ್ಲಿ ಗಂಟೆ ಹೊಡೆಯುತ್ತದೆ,
ಯಾರದೋ ಹಿಡಿಯಿಂದ ಯಾರೋ
ಕೈ ಬಿಡಿಸಿಕೊಳ್ಳಬೇಕಾಗುತ್ತದೆ.
ನಿಂತೇ ಇದ್ದೆ.
ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು.