ಉಡಿದಾರ ಕಟ್ಟಿದ ಏಳು

ಭರತ ಇಳಿತದ ವೇಳಾಪಟ್ಟಿಯ ಕೆಳಗೆ
ಐವತ್ತಾರು ಅಕ್ಷರದ ಒಂದು ವಿಳಾಸ ಹಾಕಿದೆವು.
ತಲೆಯಿಲ್ಲ, ಬುಡವಿಲ್ಲ, ಬೆಕ್ಕು ಕೀಲಿಮಣೆ ತುಳಿದಂತೆ.
ಕರಡು ತಿದ್ದುವ ಪಾವಸ್ಕರ ಮಾಸ್ತರು
ಎರಡು ಸಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು.
ಮೂರನೇ ಸಲ ನಾನೇ ಹೋಗಿ ಪೆನ್ನು ಹಿಡಿದು
"ಇರಲಿ ಸರ್, ಅದು ಬಾಗಿಲು" ಅಂದೆ.

ಬಾಗಿಲಿನಾಚೆ ಇರುವುದು ಇಷ್ಟೇ:
ಕೋಡಿಬಾಗದ ನಮ್ಮ ಅಚ್ಚುಕೂಟದ ಮೆಟ್ಟಿಲ ಕೆಳಗೆ,
ಮದುವೆ ಕಾಗದದ ರದ್ದಿಯ ಪಕ್ಕ,
ಕಾಲೇಜಿನವರು ಹರಾಜು ಹಾಕಿದ ಹಳೇ ಕಂಪ್ಯೂಟರು.
ಉಪ್ಪುಗಾಳಿ ಅದರ ಸ್ಕ್ರೂಗಳನ್ನು ಆಗಲೇ ತಿನ್ನತೊಡಗಿದೆ.
ಸುಲಕ್ಷಾ ತಾಂಡೇಲ ವಾರಕ್ಕೊಮ್ಮೆ ಬಂದು
ಸವೆದ ಬ್ರಶ್ಶಿನಿಂದ ಅದರ ಹಲ್ಲುಜ್ಜಿ ಹೋಗುತ್ತಾಳೆ.

ಮೊದಲ ದಿನ, ನನಗೆ ತಿಳಿಯಲಿ ಎಂದು,
ಕುಮಟೆಯ ಈರುಳ್ಳಿ ಜಡೆಯಿಂದ ಒಂದನ್ನು ಕಿತ್ತು
ಸುಲಿಯುತ್ತ ಹೇಳಿದಳು:
ಕಳಿಸುವವರ ಸುತ್ತ ಒಂದು ಸಿಪ್ಪೆ, ಅದರ ಮೇಲೊಂದು, ಮತ್ತೊಂದು.
ಪ್ರತಿ ಸಿಪ್ಪೆಗೂ ಗೊತ್ತಿರುವುದು ಪಕ್ಕದ ಸಿಪ್ಪೆ ಮಾತ್ರ.
ಒಳಗೆ ಯಾರು? ಕೇಳಿದೆ.
ಖಾಲಿ ಅಂಗೈ ತೋರಿಸಿದಳು.
ಇಬ್ಬರ ಕಣ್ಣಲ್ಲೂ ನೀರು.

ಅವಳಪ್ಪ ಬೈತಖೋಲದಲ್ಲಿ ಬಲೆ ಹೆಣೆದವನು,
ಅವಳ ಲೆಕ್ಕವೂ ಬಲೆಯದೇ:
ಕಣ್ಣಿನ ಅಳತೆ ಸರಿಯಿದ್ದರೆ
ಕಾಗದ ಉಳಿಯುತ್ತದೆ, ಹೆಸರು ಸೋರಿಹೋಗುತ್ತದೆ.
ಬಲೆಗೆ ಸಾವಿರ ಕಣ್ಣು, ನೋಟ ಒಂದೂ ಇಲ್ಲ,
ಹಾಗಿರಬೇಕು ನೀವು, ಅಂದಳು.
ತಲೆಯಾಡಿಸಿದೆ. ತಲೆಯಾಡಿಸುವುದು ಸುಲಭ.

ನಲವತ್ತೊಂದು ದಿನ.
ಬಂದದ್ದು, ಪಕ್ಕದ ಮನೆಯ ಹುಂಜದ ಮೇಲೊಂದು ದೂರು,
ಯಾರೋ ಯಾರಿಗೋ ಕೊಡಲಾಗದ ಪ್ರೇಮಪತ್ರ,
ಹೆಸರಿಲ್ಲದ್ದರಿಂದ ಇಡೀ ಊರಿಗೇ ಸಲ್ಲುವಂಥದ್ದು,
ಮತ್ತೆ ಒಂದು ಖಾಲಿ ಹಾಳೆ.
ಖಾಲಿ ಹಾಳೆಯನ್ನೇ ತುಂಬ ಹೊತ್ತು ನೋಡಿದೆ.
ಯಾರದೋ ಕಾಲು ಹೊಸ್ತಿಲವರೆಗೆ ಬಂದು
ಹಿಂದೆ ಸರಿದಿತ್ತು ಅಲ್ಲಿ.

ನಲವತ್ತೆರಡನೇ ರಾತ್ರಿ, ಕರೆಂಟು ಹೋಗಿ ಬಂದಮೇಲೆ,
ಹತ್ತೊಂಬತ್ತು ಪುಟ.
ಕಡಲ ತಡೆಗೋಡೆಯ ಅಳತೆ ಪುಸ್ತಕ.
ಪುಸ್ತಕ ಹೇಳುವ ಕಲ್ಲು: ಸಾವಿರದ ಇನ್ನೂರು ಟಿಪ್ಪರು.
ಕಡಲಿಗೆ ಮುಟ್ಟಿದ್ದು, ಅಂಚಿನಲ್ಲಿ, ಪೆನ್ಸಿಲಿನಲ್ಲಿ: 477.
ಉಳಿದ ಕಲ್ಲು ಯಾರ್ಯಾರ ಮನೆಯ ಪಾಗಾರವಾಯಿತೋ
ಅದೂ ಇತ್ತು, ಸರ್ವೆ ನಂಬರಿನ ಸಮೇತ.
ಕೈ ನಡುಗಿತು, ಖುಷಿಗೆ.
ಆಮೇಲೆ ಬೇರೆಯದಕ್ಕೆ ನಡುಗಿತು.

ಆ ಪೆನ್ಸಿಲಿನ ಏಳು.
ಸೊಂಟಕ್ಕೊಂದು ಅಡ್ಡಗೆರೆ, ಉಡಿದಾರ ಕಟ್ಟಿದ ಏಳು.
ಇಪ್ಪತ್ತು ಚೌತಿಗಳ ರಾತ್ರಿ ಇಸ್ಪೀಟಿನ ಲೆಕ್ಕದ ಹಾಳೆಯಲ್ಲಿ
ಅದಕ್ಕೆ ಆ ಹೆಸರಿಟ್ಟು ನಕ್ಕವನು ನಾನೇ.
ಹಾಗೆ ಬರೆಯುವ ಕೈ ನಾನು ಕಂಡದ್ದು ಒಂದೇ.

ಸುಲಕ್ಷಾಗೂ ಹೇಳಲಿಲ್ಲ.
ಬೆಳಗಿನ ತನಕ ಕೂತು
ಅಂಚಿನ ಟಿಪ್ಪಣಿಗಳನ್ನೆಲ್ಲ ಮತ್ತೆ ಟೈಪು ಮಾಡಿದೆ.
ಅಚ್ಚಿನ ಏಳು, ಬತ್ತಲೆ, ಯಾರದೂ ಅಲ್ಲದ್ದು.
ಪೆನ್ಸಿಲನ್ನು ಅಳಿಸುವ ಮೊದಲು ಒಮ್ಮೆ
ಆ ಗೆರೆಯ ಮೇಲೆ ಬೆರಳಿಟ್ಟೆ.
ಗಾಜು ಬೆಚ್ಚಗಿತ್ತು.
ಕೈ ಅಳಿಸಿದ್ದನ್ನು ತಲೆ ಅಳಿಸುವುದಿಲ್ಲ;
ಅದಕ್ಕೆ ಸಿಪ್ಪೆ ಎಲ್ಲಿಂದ ತರಲಿ?

ಭಾನುವಾರ ಅಕ್ಕನ ಮನೆಯಲ್ಲಿ ಊಟ.
ಭಾವ ಬಂಗಡೆಯ ಬೆನ್ನು ಬಿಡಿಸುತ್ತ ಕೇಳಿದರು:
"ಪೇಪರಲ್ಲಿ ಈ ವಾರ ಏನಾದರೂ ಉಂಟೋ
ಅಥವಾ ಬರೀ ಭರತ ಇಳಿತವೋ?"
ನೋಡುವಾ, ಅಂದೆ.
ಅವರು ನನ್ನ ಮುಖ ನೋಡಲಿಲ್ಲ. ನಾನು ಅವರದನ್ನು.
ಮುಳ್ಳುಗಳು ಎರಡೂ ತಟ್ಟೆಯ ಅಂಚಿನಲ್ಲಿ ಸಾಲಾಗಿ ಕೂತವು.

ಅಕ್ಕ ಸೌಟು ಹಿಡಿದು ನಿಂತವಳು
ಇಬ್ಬರನ್ನೂ ನೋಡಿದಳು.
"ಇಷ್ಟು ಸುಮ್ಮನೆ ಉಂಡದ್ದು ಯಾವಾಗ ನೀವು?"

ಮೀನು ಚಲೋ ಆಗಿದೆ, ಅಂದೆವು,
ಒಟ್ಟಿಗೇ.