ಎರಡನೆಯ ರಿಮೋಟು

ಕೋಲಾರದ ಗಡಿಯಾರ ಗೋಪುರದ ಹಿಂದೆ
ಬಳೆ ಅಂಗಡಿಗೂ ಬೀಗದ ರಿಪೇರಿಗೂ ನಡುವೆ
ಹತ್ತಡಿ ಅಗಲ ನನ್ನ ಅಂಗಡಿ.
ಎರಡು ಟಿ.ವಿ., ಎರಡು ಪೆಟ್ಟಿಗೆ, ನಾಲ್ಕು ರಿಮೋಟು.
ಅದರಲ್ಲೊಂದರ ಎಡಗುಂಡಿ ಒತ್ತಿದರೆ ಮೇಲೇಳುವುದಿಲ್ಲ,
ಸೋತವರೆಲ್ಲ ಅದರ ಮೇಲೇ ತಪ್ಪು ಹೊರಿಸುತ್ತಾರೆ.
ಗಂಟೆಗೆ ಮೂವತ್ತು. ಇಬ್ಬರಾದರೆ ಐವತ್ತು.
ಅಪ್ಪ ಬರೆಸಿದ್ದು ಗೋಡೆಯಲ್ಲಿ ಇನ್ನೂ ಇದೆ:
'ಕಿರುಚಬಾರದು. ಸಾಲ ಇಲ್ಲ.'

ಈಗ ಯಾರೂ ಕಿರುಚುವುದಿಲ್ಲ.

ಹುಡುಗರು ಬರುವುದಿಲ್ಲವೆಂದಲ್ಲ.
ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ,
ನನ್ನ ವೈಫೈ ಹಿಡಿದು, ತಮ್ಮ ತಮ್ಮ ಫೋನಿನಲ್ಲಿ
ಯಾವುದೋ ದ್ವೀಪಕ್ಕೆ ಕೊಡೆ ಬಿಚ್ಚಿ ಇಳಿಯುತ್ತಾರೆ.
"ಅಣ್ಣಾ, ಪಾಸ್‌ವರ್ಡ್ ಬದಲಾಯಿಸಿದ್ಯಾ?"
ಬದಲಾಯಿಸಿದ್ದೆ. ಸಂಜೆಯೊಳಗೆ ಹೇಳಿಬಿಟ್ಟೆ.
ಮೆಟ್ಟಿಲೂ ಖಾಲಿಯಾದರೆ ಅಂಗಡಿಗೆ ಇನ್ನೇನುಳಿಯಿತು?

ಬೀಗದ ಕಸುಬು ಬಿಟ್ಟು ಫೋನಿನ ಗಾಜು ಬದಲಿಸಲು ಕೂತ ಅಕ್ಮಲ್
ಇಕ್ಕಳ ತೋರಿಸಿ ಹೇಳುತ್ತಾನೆ:
"ನಿನ್ನ ಪೆಟ್ಟಿಗೆ ಕಥೆ ಮುಗೀತು ಗಂಗುಲಪ್ಪಾ.
ರೇಡಿಯೋ ಹೋಯ್ತಾ? ಟಾರ್ಚು? ಕ್ಯಾಮರಾ?
ಜೇಬಿಗೆ ಬಿದ್ದದ್ದು ಮತ್ತೆ ಮೇಜಿಗೆ ಬಂದದ್ದುಂಟಾ?"
ನಾನು ಗೋಪುರದತ್ತ ನೋಡಿದೆ.
ಗಡಿಯಾರ ಅಲ್ಲಿಂದ ಮಣಿಕಟ್ಟಿಗಿಳಿದು,
ಮಣಿಕಟ್ಟಿನಿಂದ ಫೋನಿಗಿಳಿದು ಎಷ್ಟು ಕಾಲವಾಯಿತು.
ಆದರೂ ನಿಂತಿದೆ, ಬಂದವರಿಗೆ ವಿಳಾಸವಾಗಿ.
ಅದು ಸಮಾಧಾನವೋ ಬೆದರಿಕೆಯೋ ತಿಳಿಯಲಿಲ್ಲ.

ಶುಕ್ರವಾರ ಎಂ.ಬಿ. ರಸ್ತೆಯ ಫೋನಿನ ಶೋರೂಮಿನವನು ಬಂದ,
ಕೊರಳಲ್ಲಿ ಪಟ್ಟಿ, ಅಂಗೈಯಲ್ಲಿ ಸೋಪಿನಷ್ಟು ಕಪ್ಪು ಡಬ್ಬಿ,
ಜೊತೆಗೊಂದು ಹಗುರ ರಿಮೋಟು.
"ಟಿ.ವಿ. ಹಿಂದೆ ಚುಚ್ಚಿ ಸಾರ್, ಫೋನಿನ ಆಟವೆಲ್ಲ ಗೋಡೆಯಷ್ಟಾಗುತ್ತೆ.
ನಿಮ್ಮ ಒಂದು ಪೆಟ್ಟಿಗೆ ದುಡ್ಡಿಗೆ ಇಂಥವು ಹತ್ತು.
ಆಟ ಬಿಟ್ಟಿ."
ಬಿಟ್ಟಿ ಎನ್ನುವಾಗ ದನಿ ಸ್ವಲ್ಪ ತಗ್ಗಿತು.
ಸೋಮವಾರದವರೆಗೆ ನೋಡಿ ಹೇಳಿ ಎಂದು ಹೋದ.

ಬೆಳಿಗ್ಗೆ ಏಳಕ್ಕೆ ನರಸಾಪುರದ ಬಸ್ಸು
ರಾತ್ರಿ ಪಾಳಿಯ ಹೆಣ್ಣುಮಕ್ಕಳನ್ನು ಇಳಿಸುತ್ತದೆ.
ಮುನಿಲಕ್ಷ್ಮಿ ವಾರಕ್ಕೆರಡು ಸಲ ನನ್ನ ಷಟರ್ ತಟ್ಟುತ್ತಾಳೆ.
ರಾತ್ರಿಯೆಲ್ಲ ಫೋನಿಗೆ ತಿರುಪು ಹಾಕುವ ಕೆಲಸ,
ಎಳ್ಳಿಗಿಂತ ಸಣ್ಣ ತಿರುಪು;
ತನ್ನ ಫೋನನ್ನು ಮಾತ್ರ ಒಳಗೆ ಒಯ್ಯುವಂತಿಲ್ಲ.
"ಗಾಜು ಮುಟ್ಟಿ ಮುಟ್ಟಿ ಬೆರಳು ಜೋಮು ಹಿಡಿದೈತೆ,
ಗುಂಡಿ ಇರೋದು ಕೊಡಣ್ಣ."
ಕಾರಿನ ಆಟ. ಬ್ರೇಕೆಂಬುದೇ ಇಲ್ಲ ಅವಳಿಗೆ,
ನೇರ ಗೋಡೆಗೆ ಗುದ್ದುತ್ತಾಳೆ,
ರಿಮೋಟು ಅಂಗೈಯಲ್ಲಿ ಗುಡುಗುಟ್ಟುತ್ತದೆ.
ಆ ನಡುಕಕ್ಕೇ ಬರುವುದು ಅವಳು.

ಶನಿವಾರ ಅವಳಿಗೆ ಹೊಸದನ್ನು ಕೊಟ್ಟೆ.
ಕೈಯಲ್ಲಿ ತೂಗಿದಳು. ಮಗುಚಿದಳು.
ತಳವನ್ನು ಉಗುರಿನಲ್ಲಿ ಸವರಿ ನಕ್ಕಳು:
"ನಮ್ಮ ಲೈನಿನ ತಿರುಪು ಇದ್ದಂಗೈತೆ ಕಣಣ್ಣಾ!"
ಪರವೂರಲ್ಲಿ ತವರಿನವರು ಸಿಕ್ಕಂಥ ನಗು.
ಆಡಿದಳು. ಕಾರು ಗುದ್ದಿತು, ಕೈ ನಡುಗಲಿಲ್ಲ.
ಜಾಹೀರಾತು ಬಂತು, ಅದರಲ್ಲೊಂದು ಫೋನು
ನಿಧಾನಕ್ಕೆ ತಿರುಗುತ್ತಿತ್ತು.
ಇವಳು ತಿರುಪು ಎಣಿಸುತ್ತ ಕೂತಳು.

ಅಷ್ಟರಲ್ಲಿ ಕರೆಂಟು ಹೋಯಿತು.
ಹಳೆಯ ಪೆಟ್ಟಿಗೆ, ಹೊಸ ಡಬ್ಬಿ, ಎರಡೂ ಒಂದೇ ಕತ್ತಲಾದವು.
ಮೆಟ್ಟಿಲ ಮೇಲೆ ಟ್ಯೂಷನ್ನಿಗೆ ಹೊರಟ ಹುಡುಗನೊಬ್ಬ ಮಾತ್ರ
ತನ್ನ ದ್ವೀಪದಲ್ಲಿ ಓಡುತ್ತಲೇ ಇದ್ದ,
ಕರೆಂಟು ಹೋದದ್ದು ಅವನಿಗೆ ಗೊತ್ತೇ ಇಲ್ಲ.
ಒಂದು ನಿಮಿಷ ಕೊಡೋ ಎಂದೆ.
ನನ್ನ ಹೆಬ್ಬೆರಳು ನುಣ್ಣನೆ ಗಾಜಿನ ಮೇಲೆ
ಗುಂಡಿಯ ಉಬ್ಬು ಹುಡುಕಿತು, ಜಾರಿತು,
ಅವನ ಮನುಷ್ಯನನ್ನು ನೀರಿಗೆ ಕೆಡವಿತು.
"ನಿಂಗೆ ಬರಲ್ಲ ಬಿಡಣ್ಣ" ಎಂದು ಕಿತ್ತುಕೊಂಡ, ದಯೆಯಿಂದಲೇ.

ಕರೆಂಟು ಬಂತು. ಅವಳು ಕೇಳದೆಯೇ ಹಳೆಯ ಪೆಟ್ಟಿಗೆ ಹಚ್ಚಿದೆ.
ಒಳಗಿನಿಂದ ಅವಳು ಕೂಗಿದಳು:
"ಎರಡನೇ ರಿಮೋಟು ಯಾರಿಗೆ?"
ಹುಡುಗ ಒಮ್ಮೆ ತಲೆಯೆತ್ತಿದ, ಒಮ್ಮೆ ದ್ವೀಪ ನೋಡಿದ.
"ಇರಕ್ಕ, ಸತ್ತು ಬರ್ತೀನಿ."

ಸೋಮವಾರಕ್ಕೆ ಇನ್ನೂ ಎರಡು ದಿನವಿತ್ತು.